ಶೆಡ್ಡಿನ ಡಬ್ಬ ನಾಯಿಗಲ್ಲ (ಉಣ್ಣೆ ಕಥೆ, ಭಾಗ 3)

ಸ್ವೈಪ್ ಮಾಡೋಕ್ಕೆ ಮುಂಚೆ ಒಂದು ಪ್ರಶ್ನೆ. ನಿಮ್ಮನೆ ನಾಯಿ ಕಿವಿಯೊಳಗೆ ಉಣ್ಣೆ ಕಂಡ್ರೆ ಮೊದಲು ಎಲ್ಲಿಗೆ ಹೋಗ್ತೀರಿ? ನಮ್ಮ ಮೂರ್ನಾಡು ಕಡೆ ತೋಟ ಇರೋ ಎಷ್ಟೋ ಮನೆಗಳಲ್ಲಿ ಉತ್ತರ: ಶೆಡ್ಡಿಗೆ. ಅಲ್ಲಿ ದನಕ್ಕೆ ತಂದ ಉಣ್ಣೆ ಔಷಧಿ ಇರುತ್ತೆ, ಇಲ್ಲಾಂದ್ರೆ ಕಾಫಿ ಗಿಡದ ಕಾಂಡಕೊರಕಕ್ಕೆ ಹೊಡೆದು ಉಳಿದ ಕ್ಲೋರೋಪೈರಿಫಾಸ್. ಒಂದು ಮುಚ್ಚಳ ಬಕೆಟ್ ನೀರಿಗೆ ಹಾಕಿ ನಾಯಿ ಮೇಲೆ ಸುರಿದು, ‘ನೋಡು, ಎಲ್ಲಾ ಉದುರಿ ಹೋಯ್ತು’ ಅಂತಾರೆ.

ಇದು ನಿಲ್ಲಬೇಕು ಮಾರಾಯ್ರೆ. ನಾಯಿ ಮೈ ನೆಕ್ಕುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ, ಚರ್ಮದಿಂದಲೂ ಒಳಗೆ ಇಳಿಯುತ್ತೆ. ಕ್ಲೋರೋಪೈರಿಫಾಸ್ ಹುಳದ ನರಕ್ಕೆ ಹೊಡೆಯೋ ಹಾಗೇ ನಾಯಿಯ ನರಕ್ಕೂ ಹೊಡೆಯುತ್ತೆ. ಇಷ್ಟು ರಿಸ್ಕ್ ತಗೊಂಡ್ರೂ ಉಣ್ಣೆ ಹೋಗಲ್ಲ ಅನ್ನೋದು ಇನ್ನೂ ಬೇಜಾರಿನ ವಿಷಯ.

ಯಾಕೆ ಹೋಗಲ್ಲ? ನಾಯಿಗೆ ಹೆಚ್ಚಾಗಿ ಹತ್ತೋದು ಕಂದು ಬಣ್ಣದ ನಾಯಿ ಉಣ್ಣೆ. ಅದು ನಾಯಿ ಮೇಲೆ ಇರೋದು ಊಟದ ಟೈಮಲ್ಲಿ ಮಾತ್ರ. ಮರಿ ರಕ್ತ ಕುಡಿದು ಕೆಳಗೆ ಬೀಳುತ್ತೆ, ಪೊರೆ ಬಿಟ್ಟು ಮತ್ತೆ ಹತ್ತುತ್ತೆ, ಮತ್ತೆ ಬೀಳುತ್ತೆ, ದೊಡ್ಡದಾಗಿ ಮೂರನೇ ಸಲ ಹತ್ತುತ್ತೆ. ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಗೋಡೆ ಬಿರುಕಿಗೋ ಬಾಗಿಲ ಚೌಕಟ್ಟಿನ ಸಂದಿಗೋ ಹೋಗಿ 4,000 ತನಕ ಮೊಟ್ಟೆ ಇಡಬಲ್ಲದು. ಚಕ್ರಬಡ್ಡಿ ಲೆಕ್ಕ ಮಾಡಿರೋ ಬಿಕಾಂನವರು ಇದನ್ನ ಒಂದ್ಸಲ ಕೂತು ಯೋಚನೆ ಮಾಡಿ. ನೀವು ನಾಯಿ ಮೇಲೆ ಇಪ್ಪತ್ತು ಕಂಡ್ರೆ ಅದು ಬರೀ ಕ್ಯಾಶ್ ಇನ್ ಹ್ಯಾಂಡ್, ಉಳಿದಿದ್ದೆಲ್ಲಾ ಗೋಡೆಯಲ್ಲಿ ಫಿಕ್ಸೆಡ್ ಡೆಪಾಸಿಟ್. ದೊಡ್ಡ ಉಣ್ಣೆ ಊಟ ಇಲ್ದೆ ತಿಂಗಳುಗಟ್ಟಲೆ ಕಾಯುತ್ತೆ.

ಈಗ ನಮ್ಮ ಕಾವಲು ನಾಯಿಗಳನ್ನ ನೆನಪಿಸ್ಕೊಳ್ಳಿ. ಕಣದಲ್ಲಿ ಕಾಫಿ ಒಣಗೋಕೆ ಹಾಕಿದ್ರೆ ನಾಯಿ ಕಣದ ಪಕ್ಕ ಚೈನಲ್ಲಿ. ಮಳೆಗಾಲ ಬಂದ್ರೆ ಶೆಡ್ಡಿನ ಮೂಲೆಯಲ್ಲಿ, ಅದೇ ಹಳೇ ಗೋಣಿಚೀಲದ ಮೇಲೆ. ಉಣ್ಣೆಗೆ ಇನ್ನೇನು ಬೇಕು? ಊಟ ಎದ್ದು ಹೋಗೋ ಹಾಗೇ ಇಲ್ಲ, ಕಟ್ಟಿ ಹಾಕಿದೀವಿ! ಬಿಟ್ಟಿರೋ ನಾಯಿಗೆ ಜಾಗ ಬದಲಾಯಿಸೋ ಅವಕಾಶ ಆದ್ರೂ ಇದೆ. ಹಗಲೂ ರಾತ್ರಿ ಒಂದೇ ಗೂಟಕ್ಕೆ ಕಟ್ಟಿ, ಆಮೇಲೆ ‘ಇದಕ್ಕೆ ಎಷ್ಟು ಔಷಧಿ ಹಾಕಿದ್ರೂ ಅಷ್ಟೇ’ ಅಂತ ನಾಯಿಗೇ ಬೈಯೋದು ನನಗೆ ಅನ್ಯಾಯ ಅನ್ನಿಸುತ್ತೆ. ಗೋಣಿ ಸುಟ್ಟು ಹಾಕಿ. ಹೊಸ ಬಟ್ಟೆ ಹಾಕಿದ್ರೆ ವಾರಕ್ಕೊಮ್ಮೆ ಕುದಿಯೋ ನೀರಲ್ಲಿ ಒಗೀರಿ. ಗೂಡಿನ ಬಿರುಕು ಸಿಮೆಂಟಲ್ಲಿ ಮುಚ್ಚಿ, ಗೋಡೆಯ ಮೇಲ್ಭಾಗವನ್ನೂ ನೋಡಿ, ಈ ಉಣ್ಣೆಗೆ ಮೇಲಕ್ಕೆ ಹತ್ತೋ ಚಾಳಿ ಇದೆ.

ಬೆಕ್ಕು ಇರೋ ಮನೆಯವರು ಇದನ್ನ ಎರಡು ಸಲ ಓದಿ. ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಔಷಧಿ ಬೆಕ್ಕಿನ ಪಾಲಿಗೆ ವಿಷ. ಅದನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಮ್ಮಿ. ನಾಯಿಗೆ ಡಾಕ್ಟರ್ ಅಳತೆ ಹೇಳಿ ಕೊಟ್ಟಿದ್ದೇ ಆದ್ರೂ, ನಾಯಿ ಮೈ ಪೂರ್ತಿ ಒಣಗೋ ತನಕ ಬೆಕ್ಕನ್ನ ಹತ್ರ ಬಿಡಬೇಡಿ. ಎರಡೂ ಒಟ್ಟಿಗೆ ಮಲಗೋ ಮನೆಯಾದ್ರೆ ಆ ಔಷಧಿ ತರೋಕ್ಕೆ ಮುಂಚೆನೇ ಡಾಕ್ಟರ್‌ಗೆ ಬೆಕ್ಕಿನ ವಿಷಯ ಹೇಳಿ. ಬೆಕ್ಕು ಜೊಲ್ಲು ಸುರಿಸ್ತಾ ಮೈ ನಡುಗಿಸಿದ್ರೆ ಕಾಯಬೇಡಿ, ತಕ್ಷಣ ಕರ್ಕೊಂಡು ಓಡಿ. ‘ನಾಯಿಗೆ’ ಅಂತ ಬರೆದಿರೋ ಡ್ರಾಪ್ಸ್ ಅರ್ಧ ಹಾಕಿದ್ರೆ ಬೆಕ್ಕಿಗೆ ಸರಿಹೋಗುತ್ತೆ ಅನ್ನೋ ಲೆಕ್ಕ ಬೇಡವೇ ಬೇಡ.

ನಾಯಿ ಎರಡು ದಿನ ಊಟ ಬಿಟ್ಟು, ಮೈ ಬಿಸಿಯಾಗಿ, ಒಸಡು ಬಿಳಿಚಿದ್ರೆ ‘ಸೆಕೆಗೆ ಹಾಗೆ’ ಅನ್ಬೇಡಿ. ಎರ್ಲಿಚಿಯಾ ಇರಬಹುದು, ಅದರಲ್ಲಿ ಕೆಲವು ನಾಯಿಗೆ ಮೂಗಿಂದ ರಕ್ತ ಬರುತ್ತೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ ಆದ್ರೆ ಬೇಬಿಸಿಯಾ ಅನುಮಾನ. ಎರಡನ್ನೂ ಹರಡೋದು ಉಣ್ಣೆನೇ. ರಕ್ತ ಪರೀಕ್ಷೆ ಮಾಡಿಸಿ, ಬೇಗ ಹೋದ್ರೆ ಚಿಕಿತ್ಸೆ ಇದೆ.

ಮಂಗನ ಕಾಯಿಲೆ ಬಗ್ಗೆ ಹೋದ ಭಾಗಕ್ಕೆ ಕೇಳಿದ್ರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು ಅದು. ಮುಖ್ಯವಾಗಿ ಹರಡೋದು ಬೇರೆ ಜಾತಿಯ ಕಾಡಿನ ಉಣ್ಣೆ. ಆ ಸುದ್ದಿ ಓದಿ ಹೆದರಿ ಮನೆ ನಾಯೀನ ರೋಡಿಗೆ ಬಿಡಬೇಡಿ.

ಹಾಗಾದ್ರೆ ಏನು ಹಾಕೋದು? ಫ್ಲೂರಲನರ್ ಅನ್ನೋ ಮಾತ್ರೆ ನಾಯಿಗೆ ಸುಮಾರು 12 ವಾರ ಕೆಲಸ ಮಾಡುತ್ತೆ, ಅಫಾಕ್ಸೊಲನರ್ ಒಂದು ತಿಂಗಳು. ಎರಡೂ ನಾಯಿ ತೂಕದ ಲೆಕ್ಕದಲ್ಲಿ, ಡಾಕ್ಟರ್ ಕೇಳಿಯೇ ಕೊಡಬೇಕು. ಫಿಟ್ಸ್ ಬಂದಿರೋ ನಾಯಿಯಾದ್ರೆ ಅದನ್ನ ಮೊದಲೇ ಹೇಳಿ. ಕೈಯಲ್ಲಿ ತೆಗೆಯೋದಾದ್ರೆ ಚಿಮಟದಿಂದ ಚರ್ಮದ ಹತ್ರ ಹಿಡಿದು ನೇರ ಎಳೀರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ರೇಟ್ ಜಾಸ್ತಿ, ಒಪ್ಪಿದೆ. ಆದ್ರೆ ತೋಟದ ಖರ್ಚಲ್ಲಿ ಗೊಬ್ಬರ, ಸ್ಪ್ರೇ, ಬೇಲಿ ಎಲ್ಲಾ ಬರೀತೀವಿ. ರಾತ್ರಿಯೆಲ್ಲಾ ಕಣ ಕಾಯೋ ನಾಯಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮನೇಲಿ ಲೆಕ್ಕ ಬರೆಯೋದು ನೀವೇ ಆಗಿದ್ರೆ, ಈ ತಿಂಗಳಿಂದ ಆ ಸಾಲು ಸೇರಿಸಿ. ಅಪ್ಪ ಕೇಳಿದ್ರೆ ಈ ಪೋಸ್ಟ್ ತೋರಿಸಿ.

ಭಾಗ 4: ಬಸ್ ಸ್ಟ್ಯಾಂಡ್ ನಾಯಿಗಳು.

#ಮೂರ್ನಾಡು #ಕೊಡಗು #ಉಣ್ಣೆಕಥೆ