ಮಾಜಿ ಸೈನಿಕರ ಉದ್ಯಮ: ಹೆಸರು ಯಾರದು, ವ್ಯವಹಾರ ಯಾರದು?

ಸರಕಾರಿ ನೌಕರ ಅರವತ್ತರ ಹೊಸ್ತಿಲಲ್ಲಿ ನಿವೃತ್ತನಾದರೆ, ನಮ್ಮ ಜವಾನರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚುತ್ತಾರೆ. ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ ಎಲ್ಲವೂ ಎದುರಿಗೇ ಇರುವ ವಯಸ್ಸು ಅದು. ನಿವೃತ್ತಿ ವೇತನದ ಜೊತೆಗೆ ಸ್ವಂತ ಉದ್ಯಮವೊಂದನ್ನು ಕಟ್ಟಲು ಹೊರಡುವವರಿಗೆ ಸಮಾಜ ಯಾವ ರೀತಿಯ ಆಸರೆ ನೀಡಬೇಕು ಎಂಬುದು ಇಂದಿನ ಪ್ರಶ್ನೆ.

ನಮ್ಮಲ್ಲಿ ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯವು ಮಾಜಿ ಸೈನಿಕರ ಭದ್ರತಾ ಸಂಸ್ಥೆಗಳನ್ನು ನೋಂದಾಯಿಸಿ, ಸಾರ್ವಜನಿಕ ಉದ್ದಿಮೆಗಳಿಗೆ ಶಿಫಾರಸು ಮಾಡುತ್ತದೆ. ಕಲ್ಲಿದ್ದಲು ಸಾಗಣೆಯಂತಹ ಯೋಜನೆಗಳೂ ಇವೆ. ಆದರೆ 2012ರ ಸಾರ್ವಜನಿಕ ಖರೀದಿ ನೀತಿಯನ್ನು ಗಮನಿಸಿ. ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ತಮ್ಮ ಖರೀದಿಯ ಶೇ. 25ನ್ನು ಕಿರು ಹಾಗೂ ಸಣ್ಣ ಉದ್ಯಮಗಳಿಂದ ಪಡೆಯಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 4, ಮಹಿಳೆಯರಿಗೆ ಶೇ. 3 ಮೀಸಲು. ಮಾಜಿ ಸೈನಿಕರಿಗೆ ಪ್ರತ್ಯೇಕ ಪಾಲಿಲ್ಲ.

ಪಾಲು ನೀಡಿದರೆ ಸಾಲದು, ಅದನ್ನು ಕಾಯಲೂ ಬೇಕು. ಈ ವಿಷಯದಲ್ಲಿ ಅಮೆರಿಕದ ಅನುಭವ ಪಾಠದಂತಿದೆ. ಸೇವೆಯಲ್ಲಿ ಅಂಗವೈಕಲ್ಯಕ್ಕೊಳಗಾದ ಯೋಧರ ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಗುತ್ತಿಗೆಗಳಲ್ಲಿ ಶೇ. 3ರ ಗುರಿಯನ್ನು ಅಲ್ಲಿ 1999ರಲ್ಲೇ ಕಾನೂನಾಗಿಸಿದರು. 2023ರ ಡಿಸೆಂಬರ್ ತಿಂಗಳ ಕಾಯಿದೆ ಅದನ್ನು ಶೇ. 5ಕ್ಕೆ ಏರಿಸಿತು. ಕನಿಷ್ಠ ಶೇ. 51 ಒಡೆತನವೂ ನಿತ್ಯದ ಆಡಳಿತವೂ ಯೋಧನದ್ದೇ ಆಗಿರಬೇಕೆಂಬುದು ನಿಯಮ. ಆದರೆ ಬಹುಕಾಲ ಹೆಚ್ಚಿನ ಇಲಾಖೆಗಳಲ್ಲಿ ಉದ್ಯಮಿಯ ಸ್ವಯಂ ಘೋಷಣೆಯೇ ಸಾಕಾಗಿತ್ತು. ಪರಿಣಾಮವಾಗಿ, ಕೇವಲ 10 ಸಂಸ್ಥೆಗಳು ಸುಮಾರು 10 ಕೋಟಿ ಡಾಲರ್ ಮೊತ್ತದ ಗುತ್ತಿಗೆಗಳನ್ನು ಅಕ್ರಮವಾಗಿ ಪಡೆದಿದ್ದುದನ್ನು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ಬಯಲಿಗೆಳೆಯಿತು. ಸಣ್ಣ ಉದ್ಯಮಗಳ ಆಡಳಿತ ಕಚೇರಿಯೇ ದಾಖಲೆ ಪರಿಶೀಲಿಸಿ ಪ್ರಮಾಣಪತ್ರ ನೀಡುವ ಪದ್ಧತಿ ಜಾರಿಗೆ ಬಂದದ್ದು 2023ರ ಜನವರಿ 1ರಂದು.

ಬ್ಯಾಂಕಿನಲ್ಲಿ ಸಾಲದ ಕಡತ ನೋಡುವವರಿಗೆ ಇದು ಅಪರಿಚಿತ ಕಥೆಯೇನಲ್ಲ. ಕಾಗದದ ಮೇಲೆ ಮಾಲೀಕನೊಬ್ಬ, ಹಣ ಹೂಡಿ ಲಾಭ ಒಯ್ಯುವವ ಮತ್ತೊಬ್ಬ. ಯೋಧನ ಹೆಸರು ಬಾಡಿಗೆಗೆ ಹೋದಾಗ ನಷ್ಟವಾಗುವುದು ಬೊಕ್ಕಸಕ್ಕೆ ಮಾತ್ರವಲ್ಲ, ಪ್ರಾಮಾಣಿಕವಾಗಿ ಉದ್ಯಮ ನಡೆಸುವ ಇನ್ನೊಬ್ಬ ಯೋಧನಿಗೂ. ಚೆಕ್ಕಿಗೆ ಸಹಿ ಹಾಕುವವರಾರು, ಕೆಲಸಗಾರರನ್ನು ನೇಮಿಸುವವರಾರು ಎಂದು ವಿಚಾರಿಸದ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಇನ್ನೊಂದು ಮಾತು. ಪ್ರಮಾಣಪತ್ರ ಬಂಡವಾಳವಲ್ಲ. ಭದ್ರತಾ ಸಂಸ್ಥೆ ನಡೆಸುವಾತ ಕಾವಲುಗಾರರಿಗೆ ತಿಂಗಳು ತಿಂಗಳೂ ಸಂಬಳ ಕೊಡಲೇಬೇಕು, ಬಿಲ್ಲಿನ ಹಣ ಮಾತ್ರ ತಡವಾಗಿ ಬರುತ್ತದೆ. ನೋಂದಾಯಿತ ಕಿರು, ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ಅದರ ಕಟ್ಟುನಿಟ್ಟಿನ ಪಾಲನೆಯೇ ದೊಡ್ಡ ನೆರವಾದೀತು.

ಖರೀದಿ ನೀತಿಯಲ್ಲಿ ನಿಶ್ಚಿತ ಪಾಲು, ಒಡೆತನದ ನಿಷ್ಠುರ ಪರಿಶೀಲನೆ, ಸಕಾಲಿಕ ಪಾವತಿ ಈ ಮೂರೂ ಒಟ್ಟಿಗೆ ಬರಬೇಕು. ನಮ್ಮ ಗೃಹನಿರ್ಮಾಣ ಸಂಘಗಳೂ ಭದ್ರತೆಯ ಗುತ್ತಿಗೆ ನೀಡುವಾಗ, ಫಲಕದ ಮೇಲಿನ ಯೋಧನೇ ನಿಜವಾದ ಒಡೆಯನೇ ಎಂದು ಒಮ್ಮೆ ವಿಚಾರಿಸುವುದು ಒಳಿತು.