ಗೂಡಂಗಡಿಗೆ ಎಫ್‌ಐಆರ್, ಬಾರ್‌ಗೆ ನವೀಕರಣ

ಗುಬ್ಬಿ, ಕುಣಿಗಲ್, ತುಮಕೂರು ಗ್ರಾಮಾಂತರದ ಪೊಲೀಸ್ ಠಾಣೆಗಳ ಅಪರಾಧ ವರದಿಗಳನ್ನು ನಾಲ್ಕು ದಿನ ಓದಿದವರಿಗೆ ಒಂದು ಪ್ರಕರಣ ಬಾಯಿಪಾಠವಾಗಿಬಿಡುತ್ತದೆ. ಖಚಿತ ಮಾಹಿತಿ ಮೇರೆಗೆ ಪಿಎಸ್‌ಐ ಪಂಚರನ್ನು ಕರೆದುಕೊಂಡು ಹಳ್ಳಿಗೆ ಹೋಗುತ್ತಾರೆ. ಚಿಲ್ಲರೆ ಅಂಗಡಿ ಮುಂದೆ ಕುಡಿಯುತ್ತಾ ಕುಳಿತವರು ಜೀಪು ಕಂಡ ಕೂಡಲೇ ಓಡಿಹೋಗುತ್ತಾರೆ. ಅಂಗಡಿಯವನು ಓಡಲಾರದೆ ಸಿಕ್ಕಿಬೀಳುತ್ತಾನೆ. 90 ಎಂಎಲ್‌ನ ಕೆಲವು ಟೆಟ್ರಾ ಪ್ಯಾಕ್, ಒಂದಿಷ್ಟು ಖಾಲಿ ಪ್ಯಾಕ್, ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ ಜಪ್ತಿಯಾಗುತ್ತವೆ. ಕರ್ನಾಟಕ ಅಬಕಾರಿ ಕಾಯ್ದೆಯ ಕಲಂ 15(ಎ), 32(3) ರೀತ್ಯಾ ಪ್ರಕರಣ ದಾಖಲು. ಅಲ್ಲಿಗೆ ಮುಗಿಯಿತು.

ಆ ಪ್ಯಾಕುಗಳು ಎಲ್ಲಿಂದ ಬಂದವು ಎಂಬ ಮಾತು ಆ ವರದಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದು ಕಳ್ಳಭಟ್ಟಿಯಲ್ಲ, ಕಾಡಿನಲ್ಲಿ ಕಾಯಿಸಿದ ಮಾಲಲ್ಲ. ರಾಜ್ಯದಲ್ಲಿ ಮಾರಾಟವಾಗುವ ಭಾರತೀಯ ತಯಾರಿಕೆಯ ಮದ್ಯವೆಲ್ಲ ಸರ್ಕಾರದ್ದೇ ಆದ ಪಾನೀಯ ನಿಗಮದ ಡಿಪೊ ಮೂಲಕವೇ ಅಂಗಡಿ ಸೇರಬೇಕು. ಯಾವ ಸನ್ನದುದಾರ ಯಾವ ದಿನ ಎಷ್ಟು ಪೆಟ್ಟಿಗೆ ಎತ್ತಿದ ಎಂಬುದು ನಿಗಮದ ಬಿಲ್ಲಿನಲ್ಲಿದೆ. ಪ್ಯಾಕಿನ ಮೇಲೆ ಅಬಕಾರಿ ಚೀಟಿ ಇದೆ, ಬ್ಯಾಚ್ ನಂಬರ್ ಇದೆ. ಒಬ್ಬ ಗಿರಾಕಿಗೆ ಇಂತಿಷ್ಟೇ ಮಾರಬೇಕೆಂಬ ಮಿತಿಯೂ ಕಾನೂನಿನಲ್ಲಿದೆ. ಹೀಗಿರುವಾಗ ಹಳ್ಳಿಯ ಗೂಡಂಗಡಿಗೆ ಟಿವಿಎಸ್ ಎಕ್ಸ್‌ಎಲ್ ಮೇಲೆ ಚೀಲಗಟ್ಟಲೆ ಪ್ಯಾಕ್ ಹೋಗುತ್ತದೆ ಎಂದರೆ, ಪಟ್ಟಣದ ಯಾವುದೋ ಸನ್ನದಿನ ಅಂಗಡಿ ಆ ಮಿತಿಯನ್ನು ಮುರಿದಿದೆ ಎಂದೇ ಅರ್ಥ. ಅದನ್ನು ಪತ್ತೆ ಮಾಡಲು ಸಿಐಡಿ ಬೇಕಿಲ್ಲ. ಡಿಪೊದ ಬಿಲ್ಲನ್ನೂ ಅಂಗಡಿಯ ದಾಸ್ತಾನು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡುವ ಒಬ್ಬ ಅಬಕಾರಿ ಇನ್‌ಸ್ಪೆಕ್ಟರ್ ಸಾಕು.

ಹಳ್ಳಿಯ ಆ ಅಂಗಡಿಯನ್ನು ನೀವು ನೋಡಿರುತ್ತೀರಿ. ಮುಂದೆ ಬೀಡಿ ಕಟ್ಟು, ಗುಟ್ಕಾ ಸರ, ಮಕ್ಕಳ ಬಿಸ್ಕತ್ತಿನ ಡಬ್ಬಿ. ಹಿಂದೆ ರಾಗಿ ಚೀಲದ ಸಂದಿನಲ್ಲಿ ಪ್ಯಾಕು. ನಮೂದಿಸಿದ ಬೆಲೆಯ ಮೇಲೆ ಹತ್ತೋ ಇಪ್ಪತ್ತೋ ಹೆಚ್ಚು. ತೆಂಗಿನಕಾಯಿ ಸುಲಿದು ಬಂದವನು, ಗಾರೆ ಕೆಲಸ ಮುಗಿಸಿದವನು ಮನೆ ಸೇರುವ ಮೊದಲೇ ಕೂಲಿಯ ಒಂದು ಪಾಲು ಅಲ್ಲಿ ಕರಗುತ್ತದೆ. ಸಾಲವೂ ಸಿಗುತ್ತದೆ, ಬಾರಿನಲ್ಲಿ ಸಿಗದ ಸೌಲಭ್ಯ ಅದು. ಬಿಸ್ಕತ್ತಿಗೆ ಬಂದ ಮಗು ಅದೇ ಕಟ್ಟೆಯ ಪಕ್ಕ ನಿಂತು ಎಲ್ಲವನ್ನೂ ನೋಡುತ್ತದೆ. ಅಂಗಡಿಯವನ ತಪ್ಪನ್ನು ನಾನು ಮುಚ್ಚುತ್ತಿಲ್ಲ. ಅವನಿಗೆ ಶಿಕ್ಷೆಯಾಗಲಿ. ಆದರೆ ಸರಪಳಿಯ ಕಟ್ಟಕಡೆಯ ಕೊಂಡಿಯನ್ನು ಮಾತ್ರ ಹಿಡಿದು, ಮೇಲಿನ ಕೊಂಡಿಗೆ ಪ್ರತಿ ಜುಲೈ 1ರಂದು ಹೊಸ ವರ್ಷದ ಸನ್ನದು ಕೊಡುವುದು ಕಾನೂನು ಪಾಲನೆಯಲ್ಲ, ಅನ್ಯಾಯ.

ನಿಯಮ ಇಲ್ಲ ಎಂದು ಯಾರೂ ಹೇಳುವಂತಿಲ್ಲ. 1965ರ ಕಾಯ್ದೆ ಇದೆ, 1967ರ ಸಾಮಾನ್ಯ ಷರತ್ತುಗಳ ನಿಯಮ ಇದೆ, 1968ರ ಮಾರಾಟ ನಿಯಮ ಇದೆ. ಸಿಎಲ್-2 ಅಂಗಡಿಯಲ್ಲಿ ಸೀಲು ಒಡೆಯದ ಬಾಟಲಿ ಮಾರಬೇಕು, ಅಲ್ಲಿ ಕೂತಾಗಲೀ ನಿಂತಾಗಲೀ ಕುಡಿಯಲು ಬಿಡಬಾರದು. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್, ಅಲ್ಲಿ ಊಟ-ತಿಂಡಿಯ ಜತೆ ಒಳಗೇ ಬಡಿಸಬೇಕು, ಪಾರ್ಸೆಲ್ ಕೊಡಬಾರದು. ಸಿಎಲ್-7 ಎಂದರೆ ವಸತಿಗೃಹ, ಕೋಣೆಗಳಿರಬೇಕು. ಇವು ಎಷ್ಟು ಪಾಲನೆಯಾಗುತ್ತಿವೆ ಎಂಬುದಕ್ಕೆ ಸಮೀಕ್ಷೆ ಬೇಡ. ಸಂಜೆ ಏಳಕ್ಕೆ ಒಂದು ಸುತ್ತು ಹೊಡೆಯಿರಿ. ಸಿಎಲ್-2ರ ಪಕ್ಕದ ಓಣಿಯಲ್ಲಿ ಗೋಡೆಗೆ ಹಲಗೆ ಜೋಡಿಸಿ ಕೌಂಟರ್ ಮಾಡಿರುತ್ತಾರೆ, ಹುರಿಗಾಳಿನವನು ಅಲ್ಲೇ ಠಿಕಾಣಿ ಹೂಡಿರುತ್ತಾನೆ. ಬಾರಿನ ಮುಂಬಾಗಿಲಲ್ಲೇ ಪಾರ್ಸೆಲ್ ಕಿಂಡಿ ತೆರೆದಿರುತ್ತದೆ. ಸಿಎಲ್-2, ಸಿಎಲ್-9 ಬೆಳಿಗ್ಗೆ 10ಕ್ಕೆ ಮುಂಚೆ ವ್ಯಾಪಾರ ಮಾಡಬಾರದೆಂದು ನಿಯಮ ಹೇಳುತ್ತದೆ. ಕೂಲಿಗೆ ಹೊರಟವನ ಕೈಗೆ ಆರೂವರೆಗೇ ಪ್ಯಾಕು ಸಿಗುತ್ತದೆ.

ಸಿಎಲ್-7ರ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. 1992ರ ಈಚೆಗೆ ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಜನ ಅದನ್ನು ಸಂಯಮ ಎಂದು ತಿಳಿದರು. ಆದರೆ ವಸತಿಗೃಹದ ಬಾಗಿಲು ತೆರೆದೇ ಇತ್ತು, ಹೊಸ ಬಾರುಗಳು ಆ ಬಾಗಿಲಿನಿಂದ ಬಂದವು. ಮೇಲೆ ಕೋಣೆಗಳಿಗೆ ಬೀಗ, ಕೆಳಗೆ ದಿನವಿಡೀ ಬಾರು. ಇದು ನಿಜವೋ ಸುಳ್ಳೋ ಎಂದು ತಿಳಿಯಲು ಕಷ್ಟವಿಲ್ಲ. ಕೋಣೆಗಳಲ್ಲಿ ತಂಗಿದವರ ರಿಜಿಸ್ಟರ್ ತರಿಸಿ, ಅದರ ಪಕ್ಕ ಡಿಪೊದಿಂದ ಎತ್ತಿದ ಮದ್ಯದ ಲೆಕ್ಕ ಇಟ್ಟರೆ ಸಾಕು.

ಇನ್ನು ದೂರದ ಲೆಕ್ಕ. ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲಿ ಇರಬಾರದು. ಈ ನೂರು ಮೀಟರನ್ನು ಅಳೆಯುವುದು ಗೋಡೆಯಿಂದ ಗೋಡೆಗಲ್ಲ, ಬಾಗಿಲಿನಿಂದ ಗೇಟಿಗೆ, ಅದೂ ಕಾಲ್ನಡಿಗೆಯವರು ಸಾಮಾನ್ಯವಾಗಿ ಹೋಗುವ ದಾರಿಯಲ್ಲಿ. ಬಾಗಿಲನ್ನು ಮಗ್ಗುಲಿಗೆ ತಿರುಗಿಸಿದರೆ ಎಪ್ಪತ್ತು ಮೀಟರ್ ನೂರಹತ್ತಾಗುತ್ತದೆ. ಮಗುವಿನ ಕಣ್ಣಿಗೆ ಬೋರ್ಡು ಕಾಣುವುದು ಮಾತ್ರ ನೇರ ದೂರದಲ್ಲೇ. ಹೆದ್ದಾರಿಯದೂ ಇದೇ ಪಾಡು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದಿತು. 2017ರ ಜುಲೈನಲ್ಲಿ ನಗರ, ಪಟ್ಟಣಗಳ ಮಿತಿಯೊಳಗೆ ಇದು ಅನ್ವಯಿಸದು ಎಂದಿತು. ತುಮಕೂರು ಮಹಾನಗರ ಪಾಲಿಕೆ, ಕುಣಿಗಲ್ ಪುರಸಭೆ, ಗುಬ್ಬಿ ಪಟ್ಟಣ ಪಂಚಾಯಿತಿ. ಮೂರೂ ನುಣುಚಿಕೊಂಡವು. ಬಿ.ಎಚ್. ರಸ್ತೆಯಲ್ಲಿ ಹೊನ್ನಾವರದ ಕಡೆಗೆ ಹೋಗುವ ಲಾರಿಗೂ ಕುಣಿಗಲ್ ಹಾದು ಹಾಸನಕ್ಕೆ ಹೋಗುವ ಕಾರಿಗೂ ಆ ತೀರ್ಪಿನ ರಕ್ಷಣೆ ಊರೊಳಗೆ ಸಿಗಲಿಲ್ಲ.

ತುಮಕೂರು ವಿದ್ಯಾರ್ಥಿಗಳ ಊರು. ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜು, ಸಿದ್ಧಗಂಗೆಯ ಸಾವಿರಾರು ಮಕ್ಕಳು. ಅಬಕಾರಿ ನಿಯಮದ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಆಗಿನ ಸರ್ಕಾರ ಇದನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಎದ್ದ ಮೇಲೆ ಹಿಂತೆಗೆದುಕೊಂಡಿತು. ಒಳ್ಳೆಯದಾಯಿತು. ಆದರೆ ಕೌಂಟರಿನಲ್ಲಿ ಹುಡುಗನ ಆಧಾರ್ ಕಾರ್ಡ್ ಕೇಳುವ ಬಾರು ನಮ್ಮ ಊರುಗಳಲ್ಲಿ ಎಷ್ಟಿವೆ? ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ, ಕುಣಿಗಲ್‌ನ ಅಂಚೇಪಾಳ್ಯದಲ್ಲಿ ಕೈಗಾರಿಕಾ ಪ್ರದೇಶ ಇದೆ. ದುಡಿಮೆಯ ದುಡ್ಡು ಬರುವ ಕಡೆ ಸನ್ನದಿಗೆ ಬೇಡಿಕೆ ಏರುತ್ತದೆ.

ಆ ಬೇಡಿಕೆಗೆ ಸರ್ಕಾರವೇ ಈಗ ಬಾಗಿಲು ತೆರೆದಿದೆ. 2023ರಲ್ಲಿ ಹೊಸ ಮದ್ಯದಂಗಡಿಗಳ ಪ್ರಸ್ತಾವಕ್ಕೆ ವಿರೋಧ ಬಂದಾಗ ಹಿಂದೆ ಸರಿದವರು, 2025ರ ಬಜೆಟ್ಟಿನಲ್ಲಿ ಬಳಕೆಯಾಗದೆ ಉಳಿದ ಸನ್ನದುಗಳನ್ನು ಹರಾಜು ಹಾಕುವುದಾಗಿ ಹೇಳಿದರು. ಅದೇ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ. ಗ್ಯಾರಂಟಿ ಯೋಜನೆಗಳಿಗೆ ಹಣ ಬೇಕಲ್ಲ ಎನ್ನುತ್ತಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಡತಿಯ ಖಾತೆಗೆ ಬಂದು, ಗಂಡನ ಕೂಲಿ ಗೂಡಂಗಡಿಗೆ ಹೋದರೆ ಆ ಮನೆ ಗೆದ್ದದ್ದೇನು?

ಪಾನನಿಷೇಧ ಮಾಡಿ ಎಂದು ನಾನು ಕೇಳುತ್ತಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತಿತು; ಸಾರಾಯಿ ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ತಿರುಗಿದರು, ಅಷ್ಟೇ. ಸನ್ನದು ಹಿಡಿದು ನೇರವಾಗಿ ವ್ಯಾಪಾರ ಮಾಡುವವರೂ ಇದ್ದಾರೆ. 2024ರ ನವೆಂಬರ್‌ನಲ್ಲಿ ಮದ್ಯ ವ್ಯಾಪಾರಿಗಳ ಸಂಘವೇ ಇಲಾಖೆಯ ಲಂಚಗುಳಿತನದ ವಿರುದ್ಧ ಅಂಗಡಿ ಮುಚ್ಚುವ ಕರೆ ಕೊಟ್ಟು, ಮುಖ್ಯಮಂತ್ರಿ ಭೇಟಿಯ ನಂತರ ಕೈಬಿಟ್ಟಿತು. ಲಂಚ ಕೊಟ್ಟವನು ಅದನ್ನು ಎಲ್ಲಿಂದ ವಸೂಲು ಮಾಡುತ್ತಾನೆ? ಹಳ್ಳಿಗೆ ಪೆಟ್ಟಿಗೆ ಸಾಗಿಸಿಯೇ. ಆದ್ದರಿಂದ ಇರುವ ಷರತ್ತುಗಳನ್ನು ಜಾರಿ ಮಾಡದೆ ಒಂದೇ ಒಂದು ಹೊಸ ಸನ್ನದು ಕೊಡುವ ನೈತಿಕ ಹಕ್ಕು ಸರ್ಕಾರಕ್ಕಿಲ್ಲ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ, ನಮ್ಮದೇ ರಾಜ್ಯದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಷರತ್ತು ಮುರಿದ ಸನ್ನದನ್ನು ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರ ಕಾಯ್ದೆಯ 29ನೇ ಕಲಮಿನಲ್ಲಿ ಇದ್ದೇ ಇದೆ.

ಮಹಾರಾಷ್ಟ್ರದಲ್ಲಿ ಹಳ್ಳಿಯ ಹೆಂಗಸರು ಮತ ಹಾಕಿ ಮದ್ಯದಂಗಡಿ ಮುಚ್ಚಿಸಬಹುದು. ಮತಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿಯ ಚಿತ್ರ. ಅರ್ಧಕ್ಕಿಂತ ಹೆಚ್ಚು ಮತ ಮಲಗಿದ ಬಾಟಲಿಗೆ ಬಿದ್ದರೆ ಅಂಗಡಿ ಬಂದ್. ಇಂಥ ಅಧಿಕಾರ ಗ್ರಾಮಸಭೆಗೆ ಬೇಕೆಂದು ನಮ್ಮ ಹೆಣ್ಣುಮಕ್ಕಳೂ ಕೇಳಿದ್ದಾರೆ. 2019ರ ಜನವರಿಯಲ್ಲಿ ಮದ್ಯನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ನಮ್ಮ ಜಿಲ್ಲೆಯನ್ನು ಹಾದೇ ಹೋದರು. ದಾರಿಯಲ್ಲಿ ಒಬ್ಬ ತಾಯಿ ಅಪಘಾತದಲ್ಲಿ ಪ್ರಾಣ ಬಿಟ್ಟರು. ಆ ಬೇಡಿಕೆಗೆ ಉತ್ತರವಾಗಿ ಸಿಕ್ಕಿದ್ದು ಹರಾಜು.

ಸನ್ನದಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚೆ ನಿಮ್ಮೂರಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಈ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಯಾವ ಅಂಗಡಿಯಿಂದ ಯಾವ ಹಳ್ಳಿಗೆ ಪ್ಯಾಕು ಬರುತ್ತಿದೆ, ಯಾವ ಬಾರು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ ಎಂದು ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಲಿಖಿತವಾಗಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಆ ದೂರು ಕಡತದಲ್ಲಿದ್ದೂ ನವೀಕರಣಕ್ಕೆ ಸಹಿ ಹಾಕಿದ ಅಧಿಕಾರಿ ಯಾರೆಂದು ಮಾಹಿತಿ ಹಕ್ಕಿನಲ್ಲಿ ಕೇಳಿ.