ಬೀಜದ ಜಗಳದಾಗ ಕೂಲಿಯವಳ ಸುದ್ದಿ ಎಲ್ಲಿ?

ಹಾಸ್ಟೆಲ್ ಗೆಳೆಯರೆ,

ಕುಲಾಂತರಿ ಬೀಜ ಬೇಕೋ ಬೇಡವೋ ಎಂಬ ಜಗಳಕ್ಕೆ ಕಾಲು ಶತಮಾನ ದಾಟಿತು. ಅದರ ಬೆಂಕಿ ಹೊತ್ತಿದ್ದು ನಮ್ಮ ಸಗರ ಸೀಮೆಯ ಮಗ್ಗುಲಲ್ಲೇ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಮಾನ್ಸಾಂಟೊ ಕಂಪನಿಯ ಪ್ರಯೋಗದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. ಅದು ಮರುವರ್ಷ ಮೊಳೆಯದ 'ಟರ್ಮಿನೇಟರ್' ಬೀಜ ಎಂದು ಸುದ್ದಿ ಹಬ್ಬಿತು. ಆದರೆ ಅದು ಬೇರೆ, ಇದು ಬೇರೆ. ಬಿಟಿಯಲ್ಲಿ ಇದ್ದದ್ದು ಕಾಯಿಕೊರಕವನ್ನು ಕೊಲ್ಲುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ಜೀನು.

2002ರ ಮಾರ್ಚಿನಲ್ಲಿ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಹಾಕಿತು. ಪತ್ರಿಕೆಯಲ್ಲಿ ವಿಜ್ಞಾನಿ ಮಾತಾಡಿದ, ಕಂಪನಿ ಮಾತಾಡಿತು, ಹೊಲದ ಒಡೆಯ ಮಾತಾಡಿದ. ಆ ಹೊಲದಾಗ ಬಗ್ಗಿ ಹತ್ತಿ ಬಿಡಿಸುವ ನಮ್ಮವ್ವನನ್ನು ಯಾರು ಕೇಳಿದರು?

ಹುಳು ಸಾಯ್ತದ, ಎಣ್ಣಿ ಹೊಡೆಯೋದು ಕಡಿಮೆ ಆಗ್ತದ ಅಂದರು. ಮೊದಮೊದಲು ಆಯಿತು ಕೂಡ. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷಕ್ಕೆ ಒಗ್ಗಿಕೊಂಡಿತು. ಮತ್ತೆ ಎಣ್ಣಿಯ ಡಬ್ಬಿ ಬೆನ್ನೇರಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆಯುತ್ತ 20ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕೂಲಿಗಳೂ ಇದ್ದರು.

ಈಗ ಇನ್ನೊಂದು ಬಂದಿದೆ. ಕಳೆನಾಶಕ ಹೊಡೆದರೆ ಕಳೆ ಸಾಯುತ್ತದೆ, ಬೆಳೆ ಉಳಿಯುತ್ತದೆ. ಅಂಥ ಹತ್ತಿಗೆ ಅನುಮತಿ ಇಲ್ಲ. ಆದರೂ 2019ರಲ್ಲಿ ಅಕೋಲಾದಲ್ಲಿ ಶೇತ್ಕರಿ ಸಂಘಟನೆ ಅದನ್ನು ಬಹಿರಂಗವಾಗಿಯೇ ಬಿತ್ತಿತು. ನೋಡ್ರಿ, ಒಂದು ರೈತ ಸಂಘ ಸುಡುತ್ತದೆ, ಇನ್ನೊಂದು ಬಿತ್ತುತ್ತದೆ. ಕಳೆ ತೆಗೆಯುವ ಕೂಲಿಯಿಂದ ಒಲೆ ಹಚ್ಚುವ ಹೆಣ್ಣುಮಕ್ಕಳು ಆ ಲೆಕ್ಕದಲ್ಲಿ ಎಲ್ಲಿದ್ದಾರೆ? ಸುಪ್ರೀಂ ಕೋರ್ಟಿನ ತಜ್ಞರ ಸಮಿತಿ 2013ರಲ್ಲೇ ಇಂಥ ಬೆಳೆ ನಮ್ಮ ದೇಶಕ್ಕೆ ಹೊಂದುವುದಿಲ್ಲ ಎಂದಿತ್ತು. ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು.

ಹಂಗಂತ ಜವಾರಿ ಬೀಜದ ಹಾಡು ಹಾಡಲು ನಾನು ತಯಾರಿಲ್ಲ. ಜವಾರಿ ಜೋಳ ಬೆಳೆದ ಕಾಲದಾಗೂ ನಮ್ಮ ಮುತ್ಯಾಗಳು ಜೀತಕ್ಕಿದ್ದರು. ಬಾಬಾಸಾಹೇಬರ ಮಕ್ಕಳು ವಿಜ್ಞಾನಕ್ಕೆ ಹೆದರುವವರೂ ಅಲ್ಲ. ಬಿಸಿಲಾಗ ಬಗ್ಗಿ ಕಳೆ ಕೀಳೋದೇ ನಮ್ಮ ಹಣೆಬರಹವೂ ಅಲ್ಲ. ಆದರೆ ಕೈಯಿಂದ ಕುರ್ಪಿ ಕಸಿಯುವವರು ಆ ಕೈಗೆ ಏನು ಕೊಡುತ್ತಾರೆ? ಭೂಮಿ ಕೊಡುತ್ತಾರೆಯೆ? ಬೇರೆ ಕೆಲಸ ಕೊಡುತ್ತಾರೆಯೆ?

ಶಹಾಪುರ, ಸುರಪುರ, ಯಾದಗಿರಿಯ ಹಾಸ್ಟೆಲ್ ಗೆಳೆಯರೆ, ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಕೂತು ಕೇಳಿ: ವರ್ಷದಲ್ಲಿ ಕಳೆ ತೆಗೆಯೋ ಕೂಲಿ ಎಷ್ಟು ದಿನ? ಹತ್ತಿ ಬಿಡಿಸೋದಕ್ಕೆ ಕೆಜಿಗೆ ಎಷ್ಟು? ಎಣ್ಣಿ ಹೊಡೆಯುವವನಿಗೆ ಕೈಗವಸು, ಮುಖಕ್ಕೆ ಬಟ್ಟೆ ಕೊಟ್ಟವರುಂಟೆ? ಬರೆದು ತನ್ನಿ. ಮುಂದಿನ ವಿಚಾರಸಂಕಿರಣದಲ್ಲಿ ಬೀಜದ ಮಾತು ಎದ್ದ ಕೂಡಲೆ ನಾವೂ ಎದ್ದು ಆ ಲೆಕ್ಕ ಓದೋಣ.